ತಾಯಿಯ ಒಂದು ಗಂಟೆ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ವಿದ್ಯಾಭ್ಯಾಸ, ವಧೂವರರ ಅನ್ವೇಷಣೆ, ವೃದ್ಧರ ಆರೈಕೆ ಮುಂತಾದ ಗೃಹಕೃತ್ಯಗಳನ್ನು ಕುರಿತವು. ಎರಡು ವರ್ಷಗಳ ಹಿಂದೆ ಸುಳ್ಯ ತಾಲ್ಲೂಕಿನ ಮರ್ಕಂಜದಿಂದ ಬಂದ ಪತ್ರವೊಂದು ಮಾತ್ರ ಈ ಯಾವ ಗುಂಪಿಗೂ ಸೇರದೆ ನನ್ನನ್ನು ಯೋಚನೆಗೆ ಹಚ್ಚಿತು. ಬರೆದಾಕೆ ಹಾವೇರಿ ಸೀಮೆಯ ಮಗಳು. ಶಿಕ್ಷಕಿಯಾಗಿ ಘಟ್ಟದ ಬುಡದ ಆ ಹಸಿರು ನಾಡಿಗೆ ಹೋಗಿ ಸಂಸಾರ ಹೂಡಿದವಳು. ಪತಿ, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅತ್ತೆ, ಇಷ್ಟು ಜನರ ಮನೆ. ಅವಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅವಳ ಅನುಮತಿಯಿಂದ ಸಂಗತಿಯನ್ನಷ್ಟೇ ಹೇಳುತ್ತೇನೆ.

ಪತ್ರದ ತಾತ್ಪರ್ಯವಿಷ್ಟು. ಎರಡನೆಯ ಬಸುರಿನಲ್ಲಿ ಅವಳಿಗೆ ಸಕ್ಕರೆಯ ದೋಷ ಕಾಣಿಸಿಕೊಂಡು, ಹೆರಿಗೆಯ ತರುವಾಯ ಮಾಯವಾಗಿತ್ತು. ಅವಳನ್ನು ಹೆತ್ತ ತಾಯಿ ಅದೇ ರೋಗದಿಂದ ಕಣ್ಣು ಮಂಜಾಗಿ, ಮೂತ್ರಪಿಂಡ ಕೆಟ್ಟು, ಐವತ್ತೆಂಟನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗಿದ್ದರು. ವೈದ್ಯರು ಈಕೆಗೆ ದಿನವೂ ನಡೆಯಲು ಹೇಳಿದರು. ನಡಿಗೆ ಕ್ರಮೇಣ ಓಟವಾಯಿತು. ಐದು ಕಿಲೋಮೀಟರು ನಿಲ್ಲದೆ ಓಡುವಷ್ಟಾದಾಗ ಅವಳ ಮನಸ್ಸಿನಲ್ಲಿ ಒಂದು ಆಸೆ ಮೊಳೆಯಿತು: ಅರ್ಧ ಮ್ಯಾರಥಾನ್, ಅಂದರೆ ಇಪ್ಪತ್ತೊಂದು ಕಿಲೋಮೀಟರಿನ ಓಟವನ್ನು ಓಡಬೇಕು. ಮನೆಯಲ್ಲಿ ಅತ್ತೆಯವರ ವಿರೋಧ. ಊರಿನಲ್ಲಿ ಒಂದಿಷ್ಟು ನಗೆ. “ಗುರುಗಳೇ, ಎರಡು ಮಕ್ಕಳ ತಾಯಿಗೆ ಇದು ಸಲ್ಲುವ ಆಸೆಯೋ, ಇಲ್ಲವೇ ಅಹಂಕಾರವೋ, ತಿಳಿಸಿ” ಎಂದು ಅವಳ ಪ್ರಶ್ನೆ.

ನಾನು ಕೊಟ್ಟ ಉತ್ತರವನ್ನು ನೆನೆದರೆ ಇಂದು ನಾಚಿಕೆಯಾಗುತ್ತದೆ. “ತಂಗಿ, ಗೃಹಿಣಿಯ ದುಡಿಮೆಯೇ ದೊಡ್ಡ ವ್ಯಾಯಾಮ. ಮಕ್ಕಳು ದೊಡ್ಡವರಾಗಲಿ, ಆಮೇಲೆ ನೋಡೋಣ” ಎಂದು ನಾಲ್ಕು ಸಾಲು ಬರೆದು ಕೈತೊಳೆದುಕೊಂಡೆ. ತಿಂಗಳೊಳಗೆ ಮಾರುತ್ತರ ಬಂತು. ಅದರಲ್ಲಿ ಸಿಟ್ಟಿರಲಿಲ್ಲ. “ನನ್ನ ಅವ್ವನೂ ನಸುಕಿನ ನಾಲ್ಕಕ್ಕೆ ಎದ್ದು ರಾತ್ರಿ ಹತ್ತರವರೆಗೆ ದುಡಿದಳು. ರೊಟ್ಟಿ ಬಡಿದಳು, ನೀರು ಹೊತ್ತಳು, ಹೊಲಕ್ಕೂ ಹೋದಳು. ಮಕ್ಕಳು ದೊಡ್ಡವರಾಗಲಿ ಎಂದು ಆಕೆಯೂ ಕಾದಳು. ನಾವು ದೊಡ್ಡವರಾದೆವು. ಆಕೆ ಉಳಿಯಲಿಲ್ಲ” ಎಂದಷ್ಟೇ ಇತ್ತು.

ಆ ಕಾಗದವನ್ನು ನಾನು ಹಲವು ದಿನ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೆ. ಅರವತ್ತು ದಾಟಿದವನು, ನಾಲ್ಕು ಗ್ರಂಥ ಓದಿದವನು ಎಂಬ ಕಾರಣಕ್ಕೆ ಜನ ಕೇಳುತ್ತಾರೆ. ಕೇಳಿದ್ದಕ್ಕೆಲ್ಲ ಕೂಡಲೇ ಹೇಳಿಬಿಡುವುದು ನಮ್ಮಂಥವರ ಚಾಳಿ. ತಿಳಿಯದ ವಿಷಯವನ್ನು ಮೊದಲು ತಿಳಿದುಕೊಳ್ಳಬೇಕೆಂದು ಪರಿಚಿತ ವೈದ್ಯರನ್ನು ಕೇಳಿದೆ, ಓದಿದೆ. ಹಾಗೆ ತಿಳಿದದ್ದನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆ ಮರ್ಕಂಜದ ಒಬ್ಬ ತಾಯಿಯದಷ್ಟೇ ಅಲ್ಲ, ನಮ್ಮೆಲ್ಲರ ಮನೆಗಳದು.

ಮೊದಲು ಮನೆಗೆಲಸದ ಮಾತು. ಮನೆಗೆಲಸವೂ ಶರೀರಶ್ರಮವೇ; ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಲೆಕ್ಕದಿಂದ ಹೊರಗಿಟ್ಟಿಲ್ಲ. ಆದರೆ ಆ ಸಂಸ್ಥೆ 2020ರಲ್ಲಿ ಹೇಳಿದ ಅಳತೆ ಹೀಗಿದೆ: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷಗಳ ಬಿರುಸಿನ ಶ್ರಮ ಬೇಕು, ಜೊತೆಗೆ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಇರಬೇಕು. ಶ್ರಮವೆಂದರೆ ಉಸಿರು ಏರಬೇಕು, ಎದೆಯ ಬಡಿತ ಹೆಚ್ಚಬೇಕು. ಒಲೆಯ ಮುಂದೆ ಎರಡು ತಾಸು ನಿಂತರೆ ಸೊಂಟ ನೋಯುತ್ತದೆ, ಕಾಲು ಜೋಮು ಹಿಡಿಯುತ್ತದೆ. ಆದರೆ ಹೃದಯಕ್ಕೆ ಅದರಿಂದ ದೊರೆಯುವ ಅಭ್ಯಾಸ ಅಲ್ಪ. ದಣಿವು ಬೇರೆ, ವ್ಯಾಯಾಮ ಬೇರೆ. ನಮ್ಮ ತಾಯಂದಿರಿಗೆ ಮೊದಲನೆಯದು ಧಾರಾಳವಾಗಿ ಸಿಕ್ಕಿದೆ, ಎರಡನೆಯದು ಸಿಕ್ಕಿಲ್ಲ. ಈ ಭೇದವನ್ನು ಅರಿಯದೆಯೇ ನಾನು ಉತ್ತರ ಬರೆದಿದ್ದೆ.

ಇನ್ನು ಸಕ್ಕರೆಯ ವಿಚಾರ. ಬಸುರಿನಲ್ಲಿ ಕಾಣಿಸಿಕೊಂಡ ಮಧುಮೇಹ ಹೆರಿಗೆಯ ನಂತರ ಹೋಯಿತೆಂದು ಮನೆಮಂದಿ ಮರೆಯುತ್ತಾರೆ. ಶರೀರ ಮರೆಯುವುದಿಲ್ಲ. ಅಂಥ ಸ್ತ್ರೀಯರಿಗೆ ಮುಂದೆ ಮಧುಮೇಹ ಬರುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಆದುದರಿಂದ ಹೆರಿಗೆಯಾದ ಕೆಲವು ವಾರಗಳಲ್ಲಿ ಒಮ್ಮೆ, ಆಮೇಲೆ ಜೀವನಪರ್ಯಂತ ಒಂದರಿಂದ ಮೂರು ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ಓಡುವಾಗ, ಬಿರುಸಾಗಿ ನಡೆಯುವಾಗ, ಕಾಲಿನ ದೊಡ್ಡ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಇನ್ಸುಲಿನ್ನಿನ ಕೆಲಸ ಮಂದವಾಗಿದ್ದರೂ ಈ ಹೀರುವಿಕೆ ನಡೆಯುತ್ತದೆ. ಅದರ ಗುಣ ಒಂದೆರಡು ದಿನ ಉಳಿದು ಆಮೇಲೆ ಇಳಿಯುತ್ತದೆ. ಎರಡು ದಿನಕ್ಕಿಂತ ಹೆಚ್ಚು ಕಾಲ ವ್ಯಾಯಾಮ ಬಿಡಬಾರದೆಂಬ ನಿಯಮ ಹುಟ್ಟಿದ್ದು ಇದರಿಂದಲೇ. ವರ್ಷಕ್ಕೊಮ್ಮೆ ಮಾಡುವ ಸಾಹಸದಿಂದ ಫಲವಿಲ್ಲ, ನಿತ್ಯನೇಮದಿಂದಲೇ ಫಲ. ನೇಮದ ಮಹಿಮೆಯನ್ನು ನಮ್ಮ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ.

“ಹೆಂಗಸರಿಗೆ ಓಟವೇಕೆ?” ಎಂದು ಕೇಳಿದವರು ನಾವೇ ಮೊದಲಿಗರಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು 800 ಮೀಟರ್ ಓಡಿದರು. ಅಷ್ಟು ದೂರ ಅವರ ಶರೀರಕ್ಕೆ ಆಗದೆಂದು ಬಲ್ಲಿದರು ತೀರ್ಮಾನಿಸಿ, ಆ ಓಟವನ್ನೇ ಕೈಬಿಟ್ಟರು. ಅದು ಮರಳಿ ಬಂದದ್ದು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ. 1967ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಎಂಬ ತರುಣಿ ಓಡುತ್ತಿದ್ದಾಗ ಅಧಿಕಾರಿಯೊಬ್ಬ ನಡುದಾರಿಯಲ್ಲಿ ಅವಳನ್ನು ಹಿಡಿದೆಳೆದು ಹೊರಹಾಕಲು ಯತ್ನಿಸಿದ. ಅವಳು ಓಟವನ್ನು ಮುಗಿಸಿದಳು. ಆ ಓಟಕ್ಕೆ ಮಹಿಳೆಯರನ್ನು ವಿಧಿವತ್ತಾಗಿ ಸೇರಿಸಿಕೊಂಡದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಮೊದಲಾದದ್ದು 1984ರಲ್ಲಿ. ಮುಂದುವರಿದ ದೇಶಗಳಿಗೇ ಇಷ್ಟು ಕಾಲ ಹಿಡಿದಿರುವಾಗ ಮರ್ಕಂಜದ ಅತ್ತೆಯೊಬ್ಬರು ಹುಬ್ಬುಗಂಟಿಕ್ಕಿದರೆ ಅವರನ್ನು ದೂರಲಾರೆ.

ತಾಯ್ತನದ ಮಾತಂತೂ ಇನ್ನೂ ಸ್ವಾರಸ್ಯವಾದದ್ದು. ಅರ್ಧ ಮ್ಯಾರಥಾನಿನ ನಿಖರ ದೂರ 21.0975 ಕಿಲೋಮೀಟರು, ಅಂದರೆ ಪೂರ್ಣ ಮ್ಯಾರಥಾನಿನ 42.195 ಕಿಲೋಮೀಟರಿನ ಸರಿಯರ್ಧ. ಈ ದೂರಕ್ಕೆ ಮೊದಲ ವಿಶ್ವ ಚಾಂಪಿಯನ್‌ಷಿಪ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1992ರಲ್ಲಿ ನಡೆಯಿತು. ಅದರಲ್ಲಿ ಗೆದ್ದ ಮಹಿಳೆ ಸ್ಕಾಟ್ಲೆಂಡಿನ ಲಿಜ್ ಮೆಕೊಲ್ಗನ್, ಒಂದು ಮಗುವಿನ ತಾಯಿ. 1990ರ ನವೆಂಬರಿನಲ್ಲಿ ಹೆಣ್ಣುಮಗುವನ್ನು ಹೆತ್ತ ಆಕೆ 1991ರ ಆಗಸ್ಟ್‌ನಲ್ಲಿಯೇ ಟೋಕಿಯೋದಲ್ಲಿ 10,000 ಮೀಟರ್ ಓಟದ ವಿಶ್ವವಿಜೇತೆಯಾಗಿದ್ದರು. ತಾಯಿ 1986 ಮತ್ತು 1990ರಲ್ಲಿ ಗೆದ್ದಿದ್ದ ಕಾಮನ್‌ವೆಲ್ತ್ ಕ್ರೀಡಾಕೂಟದ 10,000 ಮೀಟರ್ ಸ್ವರ್ಣಪದಕವನ್ನು ಆ ಮಗಳು ಐಲಿಷ್ 2022ರಲ್ಲಿ ಗೆದ್ದಳು.

ದೂರದ ದೇಶದ ಮಾತೇಕೆ? ಸುಳ್ಯದಿಂದ ಘಟ್ಟ ಹತ್ತಿದರೆ ಕೊಡಗು. ಅಲ್ಲಿಯ ಪ್ರಮೀಳಾ ಅಯ್ಯಪ್ಪನವರು ಏಳು ಸ್ಪರ್ಧೆಗಳು ಕೂಡಿದ ಹೆಪ್ಟಾಥ್ಲಾನ್‌ನಲ್ಲಿ 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಕಂಚಿನ ಪದಕ ಗೆದ್ದಾಗ ಮನೆಯಲ್ಲಿ ಎಳೆಯ ಮಗಳಿದ್ದಳು. ಆ ಮಗಳು ಉನ್ನತಿ ಇಂದು ತಾನೂ ಓಟಗಾರ್ತಿ. ನೆರೆಯ ಕೇರಳದ ಶೈನಿ ವಿಲ್ಸನ್ ತಾಯಿಯಾದ ಮೇಲೆಯೇ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಭಾರತದ ಧ್ವಜ ಹಿಡಿದು ನಡೆದರು. 1995ರಲ್ಲಿ ಚೆನ್ನೈಯಲ್ಲಿ 800 ಮೀಟರ್ ಓಟವನ್ನು ಎರಡು ನಿಮಿಷದೊಳಗೆ ಮುಗಿಸಿದರು. ಇವರೆಲ್ಲ ಅಸಾಮಾನ್ಯರು, ನಿಜ. ಶಿಕ್ಷಕಿಯೊಬ್ಬಳು ಇವರಂತಾಗಬೇಕೆಂದು ನಾನು ಹೇಳುತ್ತಿಲ್ಲ. ತಾಯಿಯಾದೊಡನೆ ಶರೀರದ ಶಕ್ತಿ ಮುಗಿಯಿತೆಂಬ ನಮ್ಮ ನಂಬಿಕೆಗೆ ಆಧಾರವಿಲ್ಲವೆಂದಷ್ಟೇ ಇದರ ಅರ್ಥ.

ಹೀಗೆಲ್ಲ ತಿಳಿದುಕೊಂಡು ನಾನು ಮರ್ಕಂಜಕ್ಕೆ ಇನ್ನೊಂದು ಪತ್ರ ಬರೆದೆ. ತಪ್ಪು ಒಪ್ಪಿಕೊಂಡು, “ಓಡು ತಂಗಿ, ಆದರೆ ಕ್ರಮವರಿತು ಓಡು. ಮನೆಯವರನ್ನು ಜೊತೆಗೆ ಕರೆದುಕೊಂಡು ಓಡು” ಎಂದು ತಿಳಿಸಿದೆ. ಅವಳು ಕ್ರಮವನ್ನು ನನಗಿಂತ ಚೆನ್ನಾಗಿ ಅರಿತಿದ್ದಳು. ಅದನ್ನು ಇಲ್ಲಿ ಸಂಗ್ರಹಿಸುತ್ತೇನೆ, ಇತರರಿಗೂ ಉಪಯೋಗವಾದೀತು.

ಬೆಂಗಳೂರಿನಲ್ಲಿ, ಶ್ರೀರಂಗಪಟ್ಟಣದ ಕಾವೇರಿ ಕಾಲುವೆಯ ಬದಿಯಲ್ಲಿ, ಹೀಗೆ ನಮ್ಮ ನಾಡಿನಲ್ಲಿ ಅರ್ಧ ಮ್ಯಾರಥಾನ್‌ಗಳು ನಡೆಯುತ್ತವೆ. ಮಂಗಳೂರಿನಲ್ಲಿ 2022ರಿಂದ ನವೆಂಬರ್ ತಿಂಗಳಲ್ಲಿ ನಡೆಯುತ್ತ ಬಂದಿದೆ. ಅವಳು ಆರಿಸಿಕೊಂಡದ್ದು ಮಂಗಳೂರನ್ನು. ನವೆಂಬರಿಗೆ ಸಿದ್ಧವಾಗಬೇಕಾದರೆ ಹದಿನಾರು ವಾರ ಮೊದಲು, ಜುಲೈ ನಡುವಿಗೇ ಆರಂಭಿಸಬೇಕು. ತುಳುನಾಡಿನಲ್ಲಿ ಅದು ಆಟಿ ತಿಂಗಳು. ಮುಗಿಲು ಹರಿದಂತೆ ಮಳೆ, ಹಾದಿಯಲ್ಲಿ ಪಾಚಿ, ಕಾಲಿಗೆ ಹತ್ತುವ ಉಂಬಳ, ಅಡಿಕೆ ತೋಟಗಳ ನಡುವಿನ ಏರಿಳಿತದ ರಸ್ತೆ. ಬಯಲುಸೀಮೆಯ ಮಗಳಿಗೆ ಇದೊಂದು ಪರೀಕ್ಷೆ. ನಸುಕಿನಲ್ಲಿ ಕತ್ತಲೆ, ಘಟ್ಟದ ಅಂಚಿನ ಊರುಗಳಲ್ಲಿ ಕಾಡಾನೆಯ ಭಯವೂ ಉಂಟು. ಅದಕ್ಕಾಗಿ ಅವಳು ಮನೆಗಳಿರುವ ರಸ್ತೆಯ ಎರಡು ಕಿಲೋಮೀಟರಿನ ತುಂಡನ್ನೇ ಹಿಂದಕ್ಕೂ ಮುಂದಕ್ಕೂ ಓಡಿದಳು. ಮಳೆ ಬಿಟ್ಟ ದಿನಗಳಲ್ಲಿ ರಬ್ಬರ್ ಹಾಲು ತೆಗೆಯಲು ತಲೆದೀಪ ಕಟ್ಟಿಕೊಂಡು ಹೊರಡುವವರು ಸಿಗುತ್ತಿದ್ದರಂತೆ. “ಮೊದಲು ಅವರು ನಕ್ಕರು, ಆಮೇಲೆ ನಾನು ಕಾಣದ ದಿನ, ಏನು ಟೀಚರ್, ಹುಷಾರಿಲ್ಲವೇ ಎಂದು ಕೇಳತೊಡಗಿದರು” ಎಂದು ಬರೆದಿದ್ದಳು.

ವಾರದಲ್ಲಿ ಮೂರು ದಿನ ಓಟ. ಮಂಗಳವಾರ, ಗುರುವಾರ ಐದಾರು ಕಿಲೋಮೀಟರು. ಭಾನುವಾರ ದೀರ್ಘ ಓಟ. ಎರಡು ದಿನ ಮನೆಯಲ್ಲೇ ಇಪ್ಪತ್ತು ನಿಮಿಷ ಬೈಠಕ್, ಮೆಟ್ಟಿಲು ಹತ್ತಿಳಿಯುವುದು, ಹೊಟ್ಟೆ ಸೊಂಟಗಳಿಗೆ ಬಲ ಕೊಡುವ ವ್ಯಾಯಾಮ. ಭಾನುವಾರದ ಓಟ ಆರು ಕಿಲೋಮೀಟರಿನಿಂದ ಆರಂಭವಾಗಿ ಕ್ರಮೇಣ ಏರುತ್ತದೆ. ಪ್ರತಿ ನಾಲ್ಕನೆಯ ವಾರ ಇಳಿಸಿ ದೇಹಕ್ಕೆ ವಿಶ್ರಾಂತಿ ಕೊಡಬೇಕು. ಹದಿನಾಲ್ಕನೆಯ ವಾರಕ್ಕೆ ಹದಿನೆಂಟು ಕಿಲೋಮೀಟರು ಮುಟ್ಟಿ, ಕಡೆಯ ಎರಡು ವಾರ ಮತ್ತೆ ಇಳಿಸಬೇಕು. ಓಡುವಾಗ ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡುವಷ್ಟು ಉಸಿರು ಉಳಿದಿರಬೇಕು; ಇದೇ ವೇಗದ ಅಳತೆ. ಕಿಲೋಮೀಟರಿಗೆ ಎಂಟು ನಿಮಿಷ ಹಿಡಿದರೂ ಅರ್ಧ ಮ್ಯಾರಥಾನ್ 2 ಗಂಟೆ 49 ನಿಮಿಷದೊಳಗೆ ಮುಗಿಯುತ್ತದೆ. ಅವಸರ ಬೇಕಿಲ್ಲ.

ತಾಯಂದಿರು ವಿಶೇಷವಾಗಿ ಗಮನಿಸಬೇಕಾದ ಮಾತುಗಳು ಕೆಲವುಂಟು. ಹೆರಿಗೆಯಾದ ಮೇಲೆ ಕನಿಷ್ಠ ಮೂರು ತಿಂಗಳು ಓಟ ಸಲ್ಲದು. ಶಸ್ತ್ರಚಿಕಿತ್ಸೆಯ ಹೆರಿಗೆಯಾಗಿದ್ದರೆ ಇನ್ನೂ ತಾಳ್ಮೆ ಬೇಕು. ಓಡುವಾಗ ಮೂತ್ರ ಸೋರಿದರೆ ಸಂಕೋಚಪಟ್ಟು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಅದಕ್ಕೆ ವ್ಯಾಯಾಮವೂ ಚಿಕಿತ್ಸೆಯೂ ಇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಮೊದಲು ಅದನ್ನು ಸರಿಪಡಿಸಿಕೊಂಡು ಆಮೇಲೆ ದೂರವನ್ನು ಏರಿಸಬೇಕು. ಎದೆನೋವು, ತಲೆಸುತ್ತು ಬಂದಲ್ಲಿ ಕೂಡಲೇ ನಿಲ್ಲಿಸಬೇಕು. ಈಗಾಗಲೇ ಸಕ್ಕರೆಗೆ ಮಾತ್ರೆ, ಸೂಜಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹೊರಡಬಾರದು. ಆಹಾರಕ್ಕೆ ಹೊಸದೇನೂ ಬೇಡ. ಅವಳು ಓಟದಿಂದ ಬಂದು ಕುಚ್ಚಲಕ್ಕಿ ಗಂಜಿಗೆ ಹೆಸರುಕಾಳಿನ ಪಲ್ಯ, ಉಪ್ಪು ಹಾಕಿದ ಮಜ್ಜಿಗೆ ಇಷ್ಟನ್ನೇ ಸೇವಿಸುತ್ತಿದ್ದಳು. ಪಾದಕ್ಕೆ ಒಪ್ಪುವ ಒಳ್ಳೆಯ ಬೂಟಿಗೆ ಮಾತ್ರ ಹಣ ಖರ್ಚು ಮಾಡಬೇಕು.

ಇದೆಲ್ಲ ಶರೀರದ ಸಿದ್ಧತೆ. ಕಠಿಣವಾದದ್ದು ಮನೆಯ ಸಿದ್ಧತೆ. ಹದಿನೆಂಟು ಕಿಲೋಮೀಟರಿಗೆ ಎರಡೂವರೆ ಗಂಟೆ ಬೇಕು. ಆ ಹೊತ್ತಿನಲ್ಲಿ ಒಲೆ ಹಚ್ಚುವವರು ಯಾರು? ನಾಲ್ಕು ವರ್ಷದ ಕೂಸು ಎದ್ದು ಅವ್ವನನ್ನು ಹುಡುಕಿದರೆ ಎತ್ತಿಕೊಳ್ಳುವವರು ಯಾರು? ಮೊದಲ ವಾರಗಳಲ್ಲಿ ಮಗು ಅತ್ತು ರಂಪ ಮಾಡಿ, ಪತಿ ದೂರವಾಣಿ ಮಾಡಿ, ಅವಳು ಅರ್ಧದಲ್ಲೇ ಹಿಂದಿರುಗಿದ್ದುಂಟು. “ಆ ದಿನ ಬೂಟು ಕಳಚಿ ಮೂಲೆಗೆ ಎಸೆದೆ. ಇದು ನನ್ನಿಂದಾಗದೆಂದು ಅತ್ತೆ” ಎಂದು ಬರೆದಿದ್ದಳು. ಪತಿ ಒಳ್ಳೆಯವರು, ಆದರೆ ಮಂಗಳವಾರ, ಗುರುವಾರ ಮಕ್ಕಳ ಡಬ್ಬಿ ಕಟ್ಟುವುದು ತನ್ನ ಕೆಲಸವೆಂದು ಅವರಿಗೆ ಹೇಳಬೇಕಾಯಿತು. ಹೇಳಿದ ಮೇಲೆ ಮಾಡಿದರು. ಹೇಳದೆ ತಿಳಿಯಲಿಲ್ಲವೇಕೆ ಎಂಬುದನ್ನು ನಾವು ಗಂಡಸರು ಯೋಚಿಸಬೇಕು.

ಅತ್ತೆಯವರದು ಬೇರೆಯೇ ದಾರಿ. “ಹೊತ್ತು ಮೂಡೂದ್ರಾಗ ಬಾಗಲಾ ದಾಟಿ ಓಡೂದು ಏನ್ ಚಂದ?” ಎಂದು ಕೇಳುತ್ತಿದ್ದವರು ಒಂದು ದಿನ ಸೊಸೆಯ ಗಡಿಯಾರದ ಗಂಟೆಗೆ ತಾವೇ ಎದ್ದು ಕೂತಿದ್ದರು. ಅವಳ ತಾಯಿಯ ಕಡೆಯ ದಿನಗಳನ್ನು ಆಸ್ಪತ್ರೆಯಲ್ಲಿ ಕಣ್ಣಾರೆ ಕಂಡವರು ಅವರು. “ನಿಮ್ಮ ಅವ್ವನ ಸಂಕಟ ನಾ ನೋಡೇನಿ. ಒಲಿ ನಾ ಹಚ್ಚತೇನಿ, ನೀ ಹೋಗಿ ಬಾ” ಎಂದರಂತೆ. ಓಟ ತಮಗೆ ಸರಿಬಂದಿತೆಂದು ಅವರು ಎಂದೂ ಒಪ್ಪಲಿಲ್ಲ. ಒಲೆ ಹಚ್ಚುವುದನ್ನು ಮಾತ್ರ ಎಂದೂ ತಪ್ಪಿಸಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಎಡವಟ್ಟಾಯಿತು. ಮಕ್ಕಳ ಜ್ವರದಿಂದ ತಪ್ಪಿಹೋದ ವಾರದ ಓಟವನ್ನೆಲ್ಲ ಅವಳು ಮುಂದಿನ ವಾರ ಒಟ್ಟಿಗೆ ತುಂಬಿಸಿಕೊಳ್ಳಲು ಹೋದಳು. ಮೊಣಕಾಲ ಕೆಳಗಿನ ಎಲುಬಿನಲ್ಲಿ ನೋವು ಹತ್ತಿ ಹತ್ತು ದಿನ ಸುಮ್ಮನೆ ಕೂಡಬೇಕಾಯಿತು. ಆಗ ನಾನು ಅವಳಿಗೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನೆನಪಿಸಿದೆ. ಪತಿ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಶರಣೆ ಆಕೆ. ಆಸೆ ಒಳ್ಳೆಯ ವಸ್ತುವಿನದಾದರೂ ಅಳತೆ ಮೀರಿದರೆ ಆಸೆಯೇ. ತಪ್ಪಿದ ಓಟ ತಪ್ಪಿಹೋಯಿತು. ಅದನ್ನು ಸಾಲವೆಂದು ತೀರಿಸಹೊರಡಬಾರದು. ಎಲುಬು ಮತ್ತು ಸ್ನಾಯುಬಂಧಗಳು ಗಟ್ಟಿಯಾಗುವ ವೇಗ ಉಸಿರಿನ ವೇಗಕ್ಕಿಂತ ನಿಧಾನವೆಂದು ವೈದ್ಯರೂ ಹೇಳುತ್ತಾರೆ.

ಕಳೆದ ನವೆಂಬರಿನ ಒಂದು ಭಾನುವಾರ, ಬೆಳಕು ಹರಿಯುವ ಮುನ್ನ ಮಂಗಳೂರಿನಲ್ಲಿ ಅವಳು ಸಾವಿರಾರು ಜನರ ನಡುವೆ ನಿಂತಳು. ಕಡಲಬದಿಯ ಸೆಕೆ, ಹದಿನಾರನೆಯ ಕಿಲೋಮೀಟರಿನಲ್ಲಿ ಮಂಡಿ ಬಿಗಿಯಿತು. ಒಂದಷ್ಟು ದೂರ ನಡೆದಳು, ಮತ್ತೆ ಓಡಿದಳು. 2 ಗಂಟೆ 54 ನಿಮಿಷಕ್ಕೆ ಗೆರೆ ಮುಟ್ಟಿದಳು. “ಕೊನೆಯ ಕಿಲೋಮೀಟರಿನಲ್ಲಿ ಅವ್ವನ ನೆನಪಾಗಿ ಅಳು ಬಂತು. ಬೆವರೆಂದು ಒರೆಸಿಕೊಂಡೆ” ಎಂದು ಬರೆದಿದ್ದಾಳೆ. ಮರ್ಕಂಜಕ್ಕೆ ಮರಳಿದಾಗ ಅತ್ತೆಯವರು ಬಿಸಿನೀರು ಕಾಯಿಸಿಟ್ಟು ಕಾದಿದ್ದರು. “ಎಷ್ಟನೇದಕ್ಕ ಬಂದಿ?” ಎಂದು ಕೇಳಿದರು. ಬಹಳ ಹಿಂದೆ, ಎಂದಳು ಸೊಸೆ. “ನಿನ್ನ ಹಿಂದ ಎಷ್ಟು ಮಂದಿ ಇದ್ರು?” ಇದ್ದರು ಅತ್ತೀ, ಇನ್ನೂ ಬರುತ್ತಿದ್ದರು, ಎಂದಳು. “ಹಂಗಾರ ಸಾಕು ಬಿಡು” ಎಂದು ಒಳಗೆ ಹೋದರಂತೆ.

ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆಯಲ್ಲಿ ಅವಳ ಅಂಕ ಮೊದಲು 6.1 ಇತ್ತು, 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲೆಂದು ಗಣಿಸುತ್ತಾರೆ. ಈಗ 5.6ಕ್ಕೆ ಇಳಿದಿದೆ. ಇದು ಒಬ್ಬಳ ಅನುಭವ. ಎಲ್ಲರಿಗೂ ಹೀಗೇ ಆದೀತೆಂದು ನಾನು ಹೇಳಲಾರೆ. ರೋಗ ಎಂದಿಗೂ ಬರದೆಂಬ ಭರವಸೆಯೂ ಇಲ್ಲ. ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದಕ್ಕೆ ಬಂದಿದ್ದಾಳೆ, ಅಷ್ಟು ಸತ್ಯ.

ಓದುಗ ಬಂಧುಗಳೇ, ಎಲ್ಲ ತಾಯಂದಿರೂ ಇಪ್ಪತ್ತೊಂದು ಕಿಲೋಮೀಟರು ಓಡಬೇಕಾಗಿಲ್ಲ. ಬಿರುಸಿನ ಅರ್ಧ ಗಂಟೆಯ ನಡಿಗೆ, ವಾರಕ್ಕೆ ಐದು ದಿನ, ಇಷ್ಟಾದರೂ ಆ 150 ನಿಮಿಷಗಳು ತುಂಬುತ್ತವೆ. ಆದರೆ ಆ ಅರ್ಧ ಗಂಟೆ ಆಕಾಶದಿಂದ ಇಳಿಯುವುದಿಲ್ಲ. ಮನೆಯಲ್ಲಿ ಬೇರೊಬ್ಬರು ಒಲೆಯ ಮುಂದೆ ನಿಂತರೆ ಮಾತ್ರ ದೊರೆಯುತ್ತದೆ. ಆದುದರಿಂದ ಈ ಪತ್ರಿಕೆಯನ್ನು ಓದಿ ಮಡಚಿಡುವ ಮುನ್ನ ಮನೆಯ ಯಜಮಾನರು ಒಂದು ಪ್ರಶ್ನೆ ಕೇಳಿಕೊಳ್ಳಲಿ: ನಮ್ಮ ಮನೆಯ ತಾಯಿಗೆ ಅವಳದೇ ಎನ್ನುವ ಗಂಟೆ ದಿನದಲ್ಲಿ ಯಾವುದು? ಉತ್ತರ ಕೂಡಲೇ ಹೊಳೆಯದಿದ್ದರೆ ನಾಳೆ ನಸುಕಿನಲ್ಲಿ ಒಲೆಯನ್ನು ತಾವೇ ಹಚ್ಚಲಿ. ನಾನೂ ಈಗ ಬೆಳಿಗ್ಗೆ ನನ್ನ ಚಹಾವನ್ನು ನಾನೇ ಮಾಡಿಕೊಳ್ಳುತ್ತಿದ್ದೇನೆ; ಅರವತ್ತರ ಮೇಲೆ ಕಲಿತ ವಿದ್ಯೆಯಾದ್ದರಿಂದ ರುಚಿ ಇನ್ನೂ ಅಷ್ಟಕ್ಕಷ್ಟೇ.